ಎಲ್ಲಿಗೂ ಹೋಗದ ಸೈಕಲ್ಲು

“ಏನರ ತಿಂದು ಬಂದೀರೇನ್ರಿ ಕಾಕಾ?” ಅಂಗಿ ಬಿಚ್ಚಿಸುವ ಮೊದಲು ಆಸ್ಪತ್ರೆಯ ಪ್ರಶಾಂತಿ ಕೇಳಿದಳು. ನಿಂತಲ್ಲೇ ನಿಂತ ಸೈಕಲ್ ತುಳಿಸಿ ಎದೆಯ ಬಲ ನೋಡುವ ಪರೀಕ್ಷೆಗೆ ಜನರನ್ನು ತಯಾರು ಮಾಡುವುದು ಅವಳ ಕೆಲಸ.

“ನೀರು ಸುದ್ದಾ ಮುಟ್ಟಿಲ್ಲವ್ವ,” ಎಂದ ಮಾರ್ಕಂಡೇಯ.

“ಮಖ್ತಲ್ ಬಸ್‌ಸ್ಟ್ಯಾಂಡಿನಾಗ ನಾಕು ಮಿರ್ಚಿ ಬಜ್ಜಿ, ಮ್ಯಾಲೊಂದು ಚಾ,” ಎಂದಳು ಮೂಲೆಯಲ್ಲಿ ಕೂತಿದ್ದ ಹೆಂಡತಿ ಸುಗುಣಮ್ಮ. ಬಜ್ಜಿಯ ದೆಸೆಯಿಂದ ಪರೀಕ್ಷೆ ಎರಡು ತಾಸು ಮುಂದಕ್ಕೆ ಹೋಯಿತು.

ಮಾರ್ಕಂಡೇಯನ ಅವಸರಕ್ಕೆ ಕಾರಣವಿತ್ತು. ಮೂರು ವಾರದ ಹಿಂದೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಿದ್ದಾಗಲೇ ಎದೆ ಹಿಡಿದುಕೊಂಡಿತ್ತು. ಗದ್ವಾಲದ ಈ ಡಾಕ್ಟರು ಗುಳಿಗೆ ಕೊಟ್ಟು, ಮಗ್ಗದ ಕಡೆ ಹಾಯಬೇಡ, ಮೂರು ವಾರ ಬಿಟ್ಟು ಸೈಕಲ್ ತುಳಿಸಿ ನೋಡುತ್ತೇನೆ, ಪಾಸಾದರೆ ನೇಯಿ, ಇಲ್ಲವಾದರೆ ಮಗ್ಗದ ಆಸೆ ಬಿಡು ಎಂದಿದ್ದರು. ಸುಗುಣಮ್ಮ ಅವತ್ತೇ ಅವನನ್ನು ನರ್ವ ಊರಿನ ಮಗಳ ಮನೆಗೆ ಸಾಗಹಾಕಿದ್ದಳು. ಇವತ್ತು ಇಬ್ಬರೂ ಮಖ್ತಲ್‌ನಲ್ಲಿ ಕೂಡಿ ನೇರ ಇಲ್ಲಿಗೆ ಬಂದಿದ್ದರು. ನಾರಾಯಣಪೇಟೆಯ ಮನೆಯಲ್ಲಿ ಅರ್ಧ ನೇಯ್ದ ಸೀರೆ ಮಗ್ಗದ ಮೇಲೇ ಉಳಿದಿತ್ತು. ನಲವತ್ತು ವರ್ಷದಲ್ಲಿ ಆ ಗುಂಡಿಗೆ ಇನ್ನೊಬ್ಬರ ಕಾಲು ಇಳಿಯಲು ಅವನು ಬಿಟ್ಟವನಲ್ಲ. ಹೆಂಡತಿಯ ಪಾಲಿಗೆ ಬಂದದ್ದು ಅಡ್ಡನೂಲು ಹಾಯಿಸುವ ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಕೆಲಸ. ಸೀರೆ ಯಾರು ನೇಯ್ದದ್ದೆಂದು ಕೇಳಿದರೆ ಮಾತ್ರ ಒಬ್ಬನದೇ ಹೆಸರು.

ಎರಡು ತಾಸಾದ ಮೇಲೆ ಪ್ರಶಾಂತಿ ಎದೆಗೆ ತಂತಿ ಅಂಟಿಸಿ, ಸೀಟು ಏರಿಸಿ ಇಳಿಸಿ ಅವನನ್ನು ಕೂಡಿಸಿದಳು. “ನಿಮಿಷಕ್ಕ ಎಷ್ಟು ಸುತ್ತು ಅಂತ ತೋರಸೋ ಈ ನಂಬರು ಅರವತ್ತರ ಕೆಳಗ ಬರಬಾರದು. ಬಂದ್ರ ಪರೀಕ್ಷಿ ಲೆಕ್ಕಕ್ಕಿಲ್ಲ. ಎದಿ ನೋವಾದ್ರ ಕೈ ಎತ್ರಿ. ಮೊದಲ ಒಂದೀಟು ರೂಢಿ ಮಾಡ್ಕೋರಿ.”

ಹುಟ್ಟಿದಾಗಿನಿಂದ ಸೈಕಲ್ ಹತ್ತದವನು ಎಡಗಾಲು ಒತ್ತಿದ, ನಿಂತ. ಬಲಗಾಲು ಒತ್ತಿದ, ನಿಂತ. ನಂಬರು ಹದಿನೆಂಟು ದಾಟಲಿಲ್ಲ.

“ತುಳಿದು ನಿಂದರಬ್ಯಾಡ್ರಿ ಕಾಕಾ. ಸುತ್ತಸ್ರಿ.”

“ನಿಲ್ಲದಿದ್ರ ಲಾಳಿ ಹೆಂಗ ಹಾಯತೈತೆವ್ವ?”

“ಇಲ್ಲಿ ಲಾಳಿ ಎಲ್ಲೈತ್ರಿ?”

ಅದು ಅವನಿಗೂ ಗೊತ್ತು, ಕಾಲಿಗೆ ಗೊತ್ತಿಲ್ಲ. ಕಾಲು ಗಂಟೆ ಹೆಣಗಿದ. ಮಗ್ಗ ಕೈಬಿಟ್ಟು ಹೋಯಿತೆಂದು ಕಣ್ಣಲ್ಲಿ ನೀರು ಬಂತು, ಬೆವರೆಂದು ಒರೆಸಿಕೊಂಡ.

“ಇಳೀರಿ, ತೋರಸ್ತೀನಿ,” ಎಂದು ಸುಗುಣಮ್ಮ ನೆರಿಗೆ ಎತ್ತಿ ಸಿಕ್ಕಿಸಿ ಹತ್ತಿದಳು. ಕೊತ್ತಪಲ್ಲಿಯ ತವರಿನಲ್ಲಿ ಅಪ್ಪನ ಸೈಕಲ್ ಕದ್ದು ಹೊಡೆದವಳು. ನಂಬರು ಅರವತ್ತಕ್ಕೆ ಏರಿ ಅಲ್ಲೇ ನಿಂತಿತು. ಆದರೆ ನಾಲ್ಕು ಸುತ್ತು ಆಗುವುದರೊಳಗೆ ಅವಳ ಬಲಗೈ ಹಿಡಿಕೆ ಬಿಟ್ಟು, ಸುತ್ತಿಗೊಮ್ಮೆ ಗಾಳಿಯಲ್ಲಿ ಏನನ್ನೋ ಜಗ್ಗತೊಡಗಿತು. ಪ್ರಶಾಂತಿಗೆ ಅದು ತಿಳಿಯಲಿಲ್ಲ. ಮಾರ್ಕಂಡೇಯನಿಗೆ ತಿಳಿಯಿತು. ಲಾಳಿಯ ಹಗ್ಗ ಜಗ್ಗುವ ಕೈ ಅದು. ಕಂಡಿಕೆ ಸುತ್ತಿದರೆ ಬರುವ ಚಟವಲ್ಲ.

“ಎಷ್ಟು ನೇಯ್ದಿ?”

“ಸೆರಗಿಗೆ ಬಂದೀನ್ರಿ.” ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ.

“ನನ್ನ ಗುಂಡಿಯಾಗ ಇಳದಿ?”

“ಮತ್ತ ಅಟ್ಟದ ಮ್ಯಾಲ ಕುಂತು ನೇಯಾಕ ಬರತೈತೇನ್ರಿ?”

“ಅಂಚು ಸೊಟ್ಟ ಬಂದಿರಬೇಕು.”

“ಸೀರಿ ಒಯ್ಯೋ ಸಾಯಣ್ಣ ನೋಡಿ ಹೋಗ್ಯಾನ. ಮಾರ್ಕಂಡೇಯನ ಕೈ ಈ ಸಲ ನೆಟ್ಟಗ ಕುಂತೈತಿ ಅಂದ.”

ಮಾರ್ಕಂಡೇಯನಿಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ, ತಾನಿಲ್ಲದೆಯೂ ಮಗ್ಗ ನಡೆಯುತ್ತದೆಂಬ ಹೆದರಿಕೆಯೂ ಬಂತು. ಹೆಂಡತಿಯನ್ನು ಇಳಿಸಿ ತಾನು ಹತ್ತಿ ಕೂತ. ಈಗ ಲಾಳಿಯ ನೆನಪು ಯಾರಿಗೆ? ಅರವತ್ತು, ಎಪ್ಪತ್ತು, ಎಂಬತ್ತು. “ಅರವತ್ತು ಸಾಕ್ರಿ ಕಾಕಾ,” ಎಂದು ಪ್ರಶಾಂತಿ ಗೋಗರೆದರೂ ಪರೀಕ್ಷೆ ಮುಗಿಯುವ ತನಕ ಕಾಲು ನಿಧಾನ ಮಾಡಲಿಲ್ಲ.

ಡಾಕ್ಟರು ಕಾಗದ ನೋಡಿ ತಲೆಯಾಡಿಸಿ ಹೋದರು.

“ಪಾಸಾದ್ರಿ ಕಾಕಾ. ನಾಳಿಂದ ಮಗ್ಗಕ್ಕ ಕೂಡಬಹುದು,” ಎಂದಳು ಪ್ರಶಾಂತಿ.

ಮಾರ್ಕಂಡೇಯ ಗೆದ್ದವನಂತೆ ಹೆಂಡತಿಯ ಕಡೆ ನೋಡಿದ. ಸುಗುಣಮ್ಮ ಸಿಕ್ಕಿಸಿದ ನೆರಿಗೆ ಬಿಡಿಸಿ ಸರಿಮಾಡಿಕೊಂಡಳು.

“ಸೆರಗು ಮುಗಿಯೋ ಮಟ ಮಗ್ಗಕ್ಕ ನಾನೇ ಕೂಡ್ರಾಕಿ,” ಎಂದಳು. “ಕಂಡಿಕಿ ಸುತ್ತಾಕ ಇವರು ಫಿಟ್ ಅದಾರೋ ಇಲ್ಲೋ, ಅದನ್ನಷ್ಟು ನೋಡಿ ಹೇಳವ್ವ.”