ಗೊಂಬೆ ಮೈ ತುಂಬಿಕೊಂಡದ್ದು

ಮಾರೆಮ್ಮ ತಟ್ಟೆಗೆ ಹಾಕಿಕೊಂಡಿದ್ದ ಎರಡನೆಯ ರೊಟ್ಟಿಯನ್ನು ತೆಗೆದು ಮತ್ತೆ ಬುಟ್ಟಿಗೆ ಇಟ್ಟಳು. ಗೋಡೆಗೆ ಒರಗಿ ಜಪಮಣಿ ಎಣಿಸುತ್ತಿದ್ದ ಅತ್ತೆ ತಿಮ್ಮವ್ವನ ಬೆರಳು ಅಲ್ಲೇ ನಿಂತಿತು. ಮೊದಲೆಲ್ಲ ಈ ಸೊಸೆ ಮೂರು ರೊಟ್ಟಿ ಮುಗಿಸಿ, ನಾಲ್ಕನೆಯದಕ್ಕೆ ಶೇಂಗಾ ಚಟ್ನಿ ಹಚ್ಚಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತು ತಿನ್ನುವವಳು.

“ಯಾಕವ್ವ, ಒಂದಕ್ಕ ಕೈ ತೊಳಿಯಾಕತ್ತಿ?”

“ಹಸಿವಿಲ್ರಿ ಅತ್ತಿ.”

“ಹಸಿವಿಲ್ಲಂದ್ರ ಬುಟ್ಟಿ ಕಡಿ ಯಾಕ ನೋಡ್ತಿ?”

ಮಾರೆಮ್ಮ ಎದ್ದು ನೀರಿನ ಕೊಡ ಎತ್ತಲು ಬಗ್ಗಿದಳು. ಕಣ್ಣಿಗೆ ಕತ್ತಲೆ ಬಂದು, ಕಂಬ ಹಿಡಿದು ಕುಳಿತುಬಿಟ್ಟಳು.

ತಿಮ್ಮವ್ವನಿಗೆ ಕಾರಣ ಗೊತ್ತಿತ್ತು. ಆ ಕಾರಣ ಸಿಂಧನೂರಿನ ಬಜಾರಿನಲ್ಲಿ, ಮಗ ಯಂಕೋಬನ ಸೀರೆ ಅಂಗಡಿಯ ಬಾಗಿಲಲ್ಲಿ ನಿಂತಿತ್ತು. ಓಣಿಗೆ ಟಿವಿ ಬಂದ ವರ್ಷ ಅದು. ಎದುರಿಗೊಂದು ಹೊಸ ಸೀರೆ ಅಂಗಡಿ ಎದ್ದದ್ದೇ ತಡ, ಯಂಕೋಬ ಗಿರಾಕಿಗಳನ್ನು ಸೆಳೆಯಲು ಹೈದರಾಬಾದಿನಿಂದ ಆಳೆತ್ತರದ ಹೆಣ್ಣುಗೊಂಬೆ ತಂದಿದ್ದ. ಬಿಳಿಚಿಕೊಂಡ ಮುಖ, ಎರಡು ಕೈಯಲ್ಲಿ ಹಿಡಿಯುವಷ್ಟು ನಡು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕೂಡಿಸಿಕೊಂಡು ಬರುವಾಗ ಕಂಡಕ್ಟರು ಅದರ ಸೊಂಟ ನೋಡಿ ಮರುಗಿ ಅರ್ಧ ಟಿಕೀಟು ಹರಿದಿದ್ದನಂತೆ. ಅದಕ್ಕೆ ಹೊಸ ಸೀರೆ ಉಡಿಸಿ, ಹೆಂಡತಿಯನ್ನು ಕರೆದು ತೋರಿಸಿ, “ನೋಡು, ಸೀರಿ ಉಟ್ರ ಹಿಂಗ ಕಾಣಬೇಕು” ಎಂದಿದ್ದ. ನಗಲೆಂದು ಆಡಿದ ಮಾತು. ಅಂದಿನಿಂದ ಮಾರೆಮ್ಮನ ತಟ್ಟೆಯ ರೊಟ್ಟಿ ಕರಗುತ್ತ ಬಂತು.

ಮಧ್ಯಾಹ್ನ ಮಗ ಊಟಕ್ಕೆ ಬಂದಾಗ ತಿಮ್ಮವ್ವ ಹೋಗಿ ಅಂಗಡಿ ನೋಡಿಕೊಳ್ಳುವುದು ರೂಢಿ. ಆ ದಿನ ಅವಳು ಉಣ್ಣದೆಯೇ ಹೊರಟಳು. ಬಗಲಲ್ಲಿ ಒಂದು ಕೌದಿ ಇತ್ತು. ತೀರಿಹೋದ ಹಿರಿಮಗಳು ಜೋಗಮ್ಮನ ಹಳೆಯ ಸೀರೆಗಳನ್ನೆಲ್ಲ ಕೂಡಿಸಿ ಹೊಲಿದದ್ದು. ಅದನ್ನು ತಿಮ್ಮವ್ವ ತಾನೇ ಹೊದೆಯುತ್ತಿದ್ದಳು, ಮತ್ತೊಬ್ಬರಿಗೆ ಕೊಟ್ಟವಳಲ್ಲ.

ಅಂಗಡಿಯ ಬಾಗಿಲಿಗೆ ಪರದೆ ಇಳಿಬಿಟ್ಟು, “ತಿಮ್ಮಪ್ಪಾ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋ” ಎಂದು ಕೈಮುಗಿದು, ಗೊಂಬೆಯ ಸೀರೆ ಬಿಚ್ಚಿದಳು. ಕೌದಿಯನ್ನು ಅದರ ಎದೆಯಿಂದ ತೊಡೆಯವರೆಗೆ ಸುತ್ತಿ ಹುರಿಯಿಂದ ಬಿಗಿದಳು. ಮತ್ತೆ ಸೀರೆ ಉಡಿಸಿದಾಗ, ಇಷ್ಟು ದಿನ ಹಗ್ಗದಂತೆ ಜೋಲುತ್ತಿದ್ದ ನಿರಿಗೆ ತನ್ನ ಜಾಗ ಸಿಕ್ಕಂತೆ ಬಿಚ್ಚಿ ನಿಂತಿತು.

ಪರದೆ ಸರಿಸಿದಾಗ ಹೊರಗೆ ಗೊರೇಬಾಳದ ಆದಮ್ಮ ನಿಂತಿದ್ದಳು. ಬಾಗಿಲಲ್ಲಿ ಸ್ವಲ್ಪ ಓರೆಯಾಗಿಯೇ ಒಳಗೆ ಬರಬೇಕಾದ ಮೈಯವಳು.

“ಏನ ತಿಮ್ಮಕ್ಕ, ನಿಮ್ಮ ಗೊಂಬಿ ತವರಮನಿಗೆ ಹೋಗಿ ಬಂತೇನು?”

“ಹೂಂ. ತುಪ್ಪ ಹಾಕಿ ಉಣಿಸಿ ಕಳಿಸ್ಯಾರ.”

“ಮೊನ್ನಿತನಕ ಸೀರಿ ಗೂಟಕ್ಕ ಹಾಕಿದಂಗ ಇತ್ತು. ನನ್ನ ಮೈಮ್ಯಾಲ ಹೆಂಗ ಕಂಡೀತು ಅಂತ ತಿಳೀತಿದ್ದಿಲ್ಲ. ಈಗ ತಿಳೀತು. ಬಿಚ್ಚಿ ಕೊಡು ಅದನ್ನ.”

“ಅಂಥಾದ ಇನ್ನೊಂದು ಒಳಗ ಐತಿ, ತಗೋ. ಇದನ್ನ ಬಿಚ್ಚಿದ್ರ ಗೊಂಬಿದಲ್ಲ, ನನ್ನ ಮಾನ ಹೋಗ್ತೈತಿ.”

ಯಂಕೋಬ ಉಂಡು ಬರುವಷ್ಟರಲ್ಲಿ ಆದಮ್ಮ ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಕುಳಿತಿದ್ದಳು. ಅವನು ಗೊಂಬೆಯನ್ನು ನೋಡಿ ಹೊಸ್ತಿಲಲ್ಲೇ ನಿಂತ.

“ಯವ್ವ, ಏನು ಮಾಡಿಟ್ಟಿ ಇದು? ಜಾಹೀರಾತಿಗಂತ ನಿಲ್ಲಿಸಿದ ಗೊಂಬಿ. ನೋಡಿದೋರಿಗೆ ತಾವೂ ಹಂಗ ಆಗಬೇಕು ಅಂತ ಆಸಿ ಹುಟ್ಟಬೇಕು.”

“ಹುಟ್ಟೈತಲ್ಲಪ, ನಿನ್ನ ಹೇಣ್ತಿಗೆ. ಉಪಾಸ ಬಿದ್ದು ಬಿದ್ದು ಮುಂಜಾನಿ ಕೊಡ ಎತ್ತಾಕ ಹೋಗಿ ಕಣ್ಣು ಕತ್ತಲಿ ಬಂದು ಕುಂತಾಳ. ನಿನಗ ಹೇಳ್ಯಾಳೇನು?”

ಹೇಳಿರಲಿಲ್ಲ. ಆದರೂ ಯಂಕೋಬ ಕೌದಿಯನ್ನು ಎಳೆದು ತೆಗೆಯಲು ಕೈ ಚಾಚಿದ. ಸೆರಗಿನ ಕೆಳಗೆ ಹಳದಿ ಬಣ್ಣದ ತುಂಡೊಂದು ಇಣುಕುತ್ತಿತ್ತು.

“ಅಕ್ಕನ ಸೀರಿ ಇದು” ಎಂದ.

“ಹೂಂ. ಬ್ಯಾನಿ ಬಂದು ಕಡೀಕ ನಿಮ್ಮಕ್ಕ ಇಷ್ಟ ಉಳಿದಿದ್ಲು, ನಿನ್ನ ಗೊಂಬಿಯಷ್ಟು. ಅಂಗಡಿಗೆ ಬಂದಾಗೆಲ್ಲ ನನಗ ಆಕಿನ್ನ ನಿಲ್ಲಿಸಿದಂಗ ಆಗ್ತಿತ್ತು. ಆಸಿ ಹುಟ್ಟಲಿಲ್ಲಪ, ಅಂಜಿಕಿ ಹುಟ್ಟಿತು.”

ಯಂಕೋಬ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಇಣುಕುತ್ತಿದ್ದ ತುಂಡನ್ನು ತಾನೇ ಒಳಗೆ ಸೇರಿಸಿದ. ಆದಮ್ಮ ಹರವಿಕೊಂಡಿದ್ದ ಸೀರೆಯನ್ನು ಮಡಚಿ ಮುಂದೆ ಹಿಡಿದು, “ಯಪ್ಪಾ, ನನ್ನ ಸೀರಿ ಕಟ್ಟಿ ಕೊಡು, ಬಸ್ಸು ಹೋಗ್ತೈತಿ” ಎಂದಳು.

ಅಷ್ಟರಲ್ಲಿ ಮಾರೆಮ್ಮ ಅತ್ತೆಗೆ ಬುತ್ತಿ ಕಟ್ಟಿಕೊಂಡು ಬಂದಳು. ಬಂದವಳು ಗೊಂಬೆಯ ಸುತ್ತ ಒಂದು ಸುತ್ತು ಹಾಕಿದಳು. ಅದರ ನಡುವನ್ನು ಗೇಣಿನಿಂದ ಅಳೆದಳು. ಯಾರೂ ನೋಡುತ್ತಿಲ್ಲವೆಂದುಕೊಂಡು ತನ್ನದನ್ನೂ ಅಳೆದಳು.

“ಅತ್ತಿ, ಈಕಿ ನನಗಿಂತ ಒಂದು ಗೇಣು ಹೆಚ್ಚಿಗಿನ ಅದಾಳ್ರಿ.”

ತಿಮ್ಮವ್ವ ಮಗನ ಮುಖ ನೋಡಿದಳು. ಯಂಕೋಬ ಆದಮ್ಮನ ಸೀರೆಯ ಗಂಟನ್ನು ಬಿಗಿಯುತ್ತ, ತಲೆ ಎತ್ತದೆ, “ಸೀರಿ ಉಟ್ರ ಹಿಂಗ ಕಾಣಬೇಕು” ಎಂದ.

ಮಾರೆಮ್ಮ ಸೀರೆ ಗಂಟುಗಳ ಮರೆಗೆ ಹೋಗಿ ಕುಳಿತು ಬುತ್ತಿ ಬಿಚ್ಚಿದಳು. ಅತ್ತೆಗೆಂದು ತಂದ ರೊಟ್ಟಿ ಮುರಿಯುವ ಸಪ್ಪಳ ಅಲ್ಲಿಂದ ಮತ್ತೆ ಮತ್ತೆ ಕೇಳಿಬಂತು. ಹಸಿದಿದ್ದ ತಿಮ್ಮವ್ವ ಕಣ್ಣುಮುಚ್ಚಿ ಜಪಮಣಿ ಸರಿಸುತ್ತ ಆ ಸಪ್ಪಳವನ್ನೇ ಕೇಳುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಮಾರೆಮ್ಮ ಬಾಯಿ ಒರೆಸಿಕೊಂಡು ಎದ್ದು ಬಂದಳು. ಗೊಂಬೆಯನ್ನು ಮತ್ತೊಮ್ಮೆ ಓರೆಗಣ್ಣಿನಿಂದ ನೋಡಿ, “ಎಡಗಡಿ ಇನ್ನೂ ಬಡಕಲ ಐತ್ರಿ” ಎಂದಳು. ಕೈಯಲ್ಲಿದ್ದ ಬರಿದಾದ ಬುತ್ತಿಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅದರ ಪಕ್ಕೆಗೆ ತುರುಕಿದಳು.