ಅಜ್ಜಿಯ ಮುಷ್ಟಿಯಲ್ಲಿದ್ದ ಉಡಿದಾರ

ಸ್ಯಾನಿಟೈಸರ್ ವಾಸನೆ ಬಂದರೆ ಡೆಟ್ರಾಯ್ಟ್‌ನ ಆಸ್ಪತ್ರೆಯಲ್ಲಿ ಕಳೆದ ಆ ಮಧ್ಯಾಹ್ನ ಇಂದಿಗೂ ನೆನಪಾಗುತ್ತದೆ.

ಹಸುಗೂಸು ತಮ್ಮನ ಎದೆಬಡಿತ ಹುಟ್ಟಿನಿಂದಲೇ ತೀರಾ ನಿಧಾನ. ಆಪರೇಷನ್‌ಗೆ ಒಯ್ಯುವ ಮುನ್ನ ನರ್ಸ್, ದೃಷ್ಟಿ ತಾಗದಿರಲೆಂದು ಅಜ್ಜಿ ಅವನ ಸೊಂಟಕ್ಕೆ ಕಟ್ಟಿದ್ದ ಕರಿ ಉಡಿದಾರವನ್ನು ಕತ್ತರಿಸಿ ಅವಳ ಕೈಗಿಟ್ಟಳು.

"ಹಾರ್ಟ್ ಮ್ಯಾಲೆ ವೈರ್ ಹೊಲೀತಾರವ್ವಾ. ಪೇಸ್‌ಮೇಕರ್ ಬ್ಯಾಟರಿ ಹೊಟ್ಟ್ಯಾಗ ಇಡ್ತಾರ," ಎಂದ ಅಪ್ಪ.

ಅಜ್ಜಿ ದಾರವನ್ನು ಮುಷ್ಟಿಯಲ್ಲಿ ಹಿಡಿದು ಗಂಟೆಗಟ್ಟಲೆ ಕೂತಳು.

ಆಪರೇಷನ್ ಮುಗಿದು ಕೊನೆಗೂ ನಮ್ಮನ್ನು ಒಳಗೆ ಬಿಟ್ಟರು. ತಮ್ಮ ಎಚ್ಚರವಿಲ್ಲದೆ ಮಲಗಿದ್ದ. ಅಜ್ಜಿ ಬಾಗಿಲ ಬಳಿಯ ಸ್ಯಾನಿಟೈಸರನ್ನು ಕೈಗೆ ಹಚ್ಚಿಕೊಂಡಳು, ದಾರಕ್ಕೂ ಉದ್ದಕ್ಕೆ ಸವರಿದಳು. ಮಂಚದ ಬಳಿ ಬಂದು ಹೊದಿಕೆ ಸರಿಸಿದಳು. ಎದೆಯಿಂದ ಹೊಕ್ಕುಳದ ಕೆಳಗಿನವರೆಗೂ ಬರೀ ಪಟ್ಟಿ, ನಳಿಕೆ.

ಅಜ್ಜಿ ನನ್ನ ಕಡೆ ತಿರುಗಿದಳು.

"ಜಾಗಾನ ಬಿಟ್ಟಿಲ್ಲಲ್ಲ ತಂಗಿ. ಎಲ್ಲಿ ಕಟ್ಟಲಿ?"