ಕೆಂಪು ಹಿಡಿಯ ಚಾಕು

ಮಾವಿನಕಾಯಿ ಸೊನೆಯ ವಾಸನೆ ಬಂದರೆ ಈಗಲೂ ನನಗೆ ಆ ಕೆಂಪು ಹಿಡಿ ನೆನಪಾಗುತ್ತದೆ.

ಕೃಷ್ಣಗಿರಿ ಸಂತೆಯಲ್ಲಿ ಅಪ್ಪ ನನಗೂ ತಮ್ಮನಿಗೂ ಅಗ್ಗದ ಮಡಚುವ ಚಾಕು ಕೊಡಿಸಿದ. “ಬಿಚ್ಚಿ ಕಿವಿ ಹತ್ರ ಅಲ್ಲಾಡ್ಸು. ಆಣಿ ಲಟಲಟ ಅಂದ್ರೆ ಬ್ಯಾಡ ಕಣ್ಲಾ,” ಎಂದು ಆರಿಸುವುದನ್ನು ನನಗೇ ಬಿಟ್ಟ. ಇದ್ದವುಗಳಲ್ಲಿ ಗಟ್ಟಿಯಾಗಿದ್ದದ್ದು ಒಂದೇ. ಅದನ್ನು ನಾನಿಟ್ಟುಕೊಂಡೆ. ಲಟಲಟ ಎಂದದ್ದನ್ನು, ಹಿಡಿ ಕೆಂಪಗಿದೆ ನೋಡು ಎಂದು ಪುಸಲಾಯಿಸಿ ತಮ್ಮನಿಗೆ ಕೊಟ್ಟೆ.

ಅದೇ ಮಧ್ಯಾಹ್ನ ತೋಪಿನಲ್ಲಿ ಅವನು ಕಾಯಿ ಕೊಯ್ಯುವಾಗ ಅಲಗು ಮಡಚಿಕೊಂಡು ಬೆರಳಿಗೆ ಇಳಿಯಿತು.

“ನೋಡಿ ತಗೊಂಡ್ಯೇನ್ಲಾ?” ಎಂದು ಅಪ್ಪ ನನ್ನನ್ನು ಕೇಳಿದ.

ನಾನು ಬಾಯಿ ಬಿಡುವ ಮೊದಲೇ ತಮ್ಮ ಅಳುತ್ತಾ ಹೇಳಿದ: “ಅಣ್ಣ ಸರ್ಯಾಗೇ ನೋಡ್ದ. ನಾನೇ ವಕ್ರ ಹಿಡ್ಕಂಡೆ.”

ನಾನು ಹೌದೆಂದು ತಲೆಯಾಡಿಸಿದೆ.

ಆ ಬೆರಳು ಮತ್ತೆ ಮಡಚಲಿಲ್ಲ. ಈಗ ನನ್ನ ಮಕ್ಕಳು ಕೇಳಿದರೂ ಅವನು ತಾನೇ ವಕ್ರ ಹಿಡಿದೆ ಎನ್ನುತ್ತಾನೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ.